ಪ್ಲುಟೋನಿಯಂಗೆ ಕಲ್ಲಿನ ಸೆರೆ

ಅಣುಸ್ಥಾವರದಲ್ಲಿ ಉರಿದ ಇಂಧನದೊಳಗೆ ಹುಟ್ಟುವ ಪ್ಲುಟೋನಿಯಂ-239 ಅರ್ಧಕ್ಕಿಳಿಯಲು 24,100 ವರ್ಷ ಬೇಕು. ಸಾವಿರದಲ್ಲೊಂದು ಪಾಲಿಗೆ ಇಳಿಯಲು ಸುಮಾರು 2.4 ಲಕ್ಷ ವರ್ಷ. ಅಷ್ಟು ಕಾಲ ಬಾಳುವ ಡಬ್ಬಿ ಮಾಡಿಕೊಡುತ್ತೇನೆಂದು ಯಾವ ಎಂಜಿನಿಯರ್ ಬರೆದುಕೊಟ್ಟರೂ ನಂಬುವುದು ಹೇಗೆ? ಇಷ್ಟು ದೀರ್ಘಕಾಲದ ಪರೀಕ್ಷೆಯಲ್ಲಿ ಗೆದ್ದು ಬಂದಿರುವುದು ಖನಿಜಗಳು ಮಾತ್ರ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಒಂದು ಜಿರ್ಕಾನ್ ಹರಳಿಗೆ ಸುಮಾರು 440 ಕೋಟಿ ವರ್ಷ. ಹುಟ್ಟುವಾಗ ಒಳಸೇರಿದ ಯುರೇನಿಯಂ ಇನ್ನೂ ಅದರಲ್ಲಿದೆ. ಹರಳಿನ ವಯಸ್ಸು ಗೊತ್ತಾದದ್ದೂ ಆ ಯುರೇನಿಯಂನಿಂದಲೇ.

ಸದ್ಯ ಚಾಲ್ತಿಯಲ್ಲಿರುವ ವಿಧಾನ ಗಾಜಿನದು. ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ತೀವ್ರ ವಿಕಿರಣದ ದ್ರವ ತ್ಯಾಜ್ಯವನ್ನು ಬೋರೋಸಿಲಿಕೇಟ್ ಗಾಜಿನೊಡನೆ ಕರಗಿಸಿ, ಸ್ಟೀಲ್ ಡಬ್ಬಿಗೆ ಸುರಿಯುತ್ತಾರೆ. ತ್ಯಾಜ್ಯದಲ್ಲಿರುವ ಹತ್ತಾರು ಬಗೆಯ ಧಾತುಗಳನ್ನು ಗಾಜು ತಕರಾರಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಬಲವೂ ಅದೇ, ದೌರ್ಬಲ್ಯವೂ ಅದೇ. ಸಂತೆಯ ಜನರಂತೆ ಪರಮಾಣುಗಳು ಎಲ್ಲೆಂದರಲ್ಲಿ ನಿಂತಿರುತ್ತವೆ. ಬಿಸಿನೀರು ತಾಗಿದರೆ ನಿಧಾನವಾಗಿ ಜಾರಿಕೊಳ್ಳುತ್ತವೆ.

ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಟೆಡ್ ರಿಂಗ್‌ವುಡ್ 1978ರಲ್ಲಿ ಬೇರೆ ದಾರಿ ತೋರಿಸಿದರು. ಅವರು ಅಣುಶಕ್ತಿಯವರಲ್ಲ, ಭೂಮಿಯ ಒಡಲಿನ ಶಿಲೆಗಳನ್ನು ಅಧ್ಯಯನ ಮಾಡಿದವರು. ಒಂದು ಖನಿಜಕ್ಕೆ ರಿಂಗ್‌ವುಡೈಟ್ ಎಂದು ಅವರ ಹೆಸರೇ ಇದೆ. ಈ ಧಾತುಗಳು ನಿಸರ್ಗದ ಯಾವ ಖನಿಜಗಳಲ್ಲಿ ನೆಲೆ ನಿಲ್ಲುತ್ತವೆ ಎಂದು ನೋಡಿ, ಅಂಥವನ್ನೇ ಪ್ರಯೋಗಾಲಯದಲ್ಲಿ ಬೇಯಿಸೋಣ ಎಂದರು. ಹೀಗೆ ಬಂದ ಕೃತಕ ಶಿಲೆ ‘ಸಿನ್‌ರಾಕ್’. ಅದರ ಮುಖ್ಯ ಖನಿಜಗಳು ಮೂರು, ಎಲ್ಲವೂ ಟೈಟಾನಿಯಂ ಆಧಾರಿತ. ಹಾಲಂಡೈಟ್ ಸೀಸಿಯಂ ಅನ್ನು ಹಿಡಿಯುತ್ತದೆ, ಪೆರೋವ್‌ಸ್ಕೈಟ್ ಸ್ಟ್ರಾನ್ಷಿಯಂ ಅನ್ನು, ಜಿರ್ಕೊನೊಲೈಟ್ ಯುರೇನಿಯಂ, ಪ್ಲುಟೋನಿಯಂಗಳನ್ನು. ಇಲ್ಲಿ ಧಾತು ಹರಳಿನ ಚೌಕಟ್ಟಿನಲ್ಲೇ ಒಂದು ಕೊಂಡಿಯಾಗಿರುತ್ತದೆ. ಅದನ್ನು ಕೀಳಬೇಕಾದರೆ ಹರಳನ್ನೇ ಕರಗಿಸಬೇಕು.

ಆದರೆ ಕೈದಿ ಸುಮ್ಮನೆ ಕೂರುವುದಿಲ್ಲ. ಪ್ಲುಟೋನಿಯಂ ಪರಮಾಣು ಒಂದು ಆಲ್ಫಾ ಕಣವನ್ನು ಹೊರದೂಡಿದಾಗ ತಾನೂ ಹಿಂದಕ್ಕೆ ಎಗರಿ, ಸುತ್ತಲಿನ ಸಾವಿರದಷ್ಟು ಪರಮಾಣುಗಳನ್ನು ಜಾಗ ತಪ್ಪಿಸುತ್ತದೆ. ಇದು ಹೀಗೇ ನಡೆಯುತ್ತ ಹೋದರೆ ಹರಳಿನ ಕ್ರಮ ಕೆಟ್ಟು ಗಾಜಿನಂತಾಗುತ್ತದೆ, ಉಬ್ಬುತ್ತದೆ, ಬಿರುಕು ಬಿಡುತ್ತದೆ. ಶೇ. 10ರಷ್ಟು ಪ್ಲುಟೋನಿಯಂ ತುಂಬಿದ ಜಿರ್ಕಾನ್ ಸುಮಾರು 1,400 ವರ್ಷಗಳಲ್ಲೇ ಹೀಗಾಗಬಹುದು ಎಂದು 2007ರ ಒಂದು ಅಧ್ಯಯನ ಲೆಕ್ಕ ಹಾಕಿತು. 440 ಕೋಟಿ ವರ್ಷ ಬಾಳಿದ ಹರಳಿನಲ್ಲಿದ್ದದ್ದು ಎಲ್ಲೋ ಒಂದಿಷ್ಟು ಯುರೇನಿಯಂ. ಹೊರೆ ಹೆಚ್ಚಿದರೆ ಕಥೆಯೇ ಬೇರೆ.

ನನ್ನ ಒಲವು ಮೊನಜೈಟ್ ಕಡೆಗೆ. ಕೇರಳದ ಕಡಲತೀರದ ಮರಳಿನಲ್ಲಿ ಸಿಗುವ ಈ ಫಾಸ್ಫೇಟ್ ಖನಿಜದಲ್ಲಿ ಶೇ. 8–9ರಷ್ಟು ಥೋರಿಯಂ ಆಕ್ಸೈಡ್ ಇದೆ. ಕೋಟ್ಯಂತರ ವರ್ಷ ಒಳಗಿಂದ ಏಟು ತಿಂದರೂ ಅದರ ಹರಳು ಗಾಜಾಗುವುದು ಅಪರೂಪ, ಏಕೆಂದರೆ ಕೆಟ್ಟ ಜೋಡಣೆ ಹೆಚ್ಚು ಬಿಸಿಯಿಲ್ಲದೆಯೂ ತಾನಾಗಿ ಸರಿಹೋಗುತ್ತದೆ.

ಹರಳಿನ ಹೊರಗೆ ಇನ್ನೊಂದು ಖನಿಜದ ಕಾವಲಿರುತ್ತದೆ: ಬೆಂಟೊನೈಟ್ ಜೇಡಿ. ಫಿನ್ಲೆಂಡಿನ ಒನ್ಕಾಲೊ ಅಣುತ್ಯಾಜ್ಯ ಭಂಡಾರದಲ್ಲಿ, 400 ಮೀಟರಿಗೂ ಆಳದ ಬಂಡೆಯಲ್ಲಿ, ತಾಮ್ರದ ಡಬ್ಬಿಗಳ ಸುತ್ತ ಇದನ್ನು ತುಂಬುವ ಯೋಜನೆಯಿದೆ. ನೀರು ತಾಗಿದರೆ ಊದಿಕೊಂಡು ಬಿರುಕು ಮುಚ್ಚುತ್ತದೆ, ಸೀಸಿಯಂನಂಥ ಧನ ಅಯಾನುಗಳನ್ನು ಹಿಡಿದಿಡುತ್ತದೆ. ಋಣ ಅಯಾನಾಗಿ ಬರುವ ಅಯೋಡಿನ್-129 ಮಾತ್ರ ಅದಕ್ಕೆ ಅಂಟುವುದಿಲ್ಲ. ಆ ಅಯೋಡಿನ್‌ನ ಅರ್ಧಾಯುಷ್ಯ ಸುಮಾರು 1.57 ಕೋಟಿ ವರ್ಷ!

ಕೋಲಾರ ಚಿನ್ನದ ಗಣಿಗೂ ಈ ವಿಷಯಕ್ಕೂ ನಂಟಿದೆ. ಭಾಭಾ ಅಣು ಸಂಶೋಧನಾ ಕೇಂದ್ರದವರು ಅಲ್ಲಿ ಸುಮಾರು 1,000 ಮೀಟರ್ ಆಳದ ಬಂಡೆಯಲ್ಲಿ ಹೀಟರ್ ಇಟ್ಟು, ಕಾದ ಶಿಲೆ ಹೇಗೆ ವರ್ತಿಸುತ್ತದೆ ಎಂದು ವರ್ಷಗಟ್ಟಲೆ ಅಳೆದಿದ್ದರು. ಅಲ್ಲಿಟ್ಟದ್ದು ಬರೀ ಶಾಖ, ತ್ಯಾಜ್ಯವಲ್ಲ. 2012ರಲ್ಲಿ ಕೂಡಂಕುಳಂ ತ್ಯಾಜ್ಯ ಕೋಲಾರಕ್ಕೆ ಬರುತ್ತದೆಂಬ ಸುದ್ದಿಗೆ ಜನ ಬೀದಿಗಿಳಿದರು, ಸರ್ಕಾರ ಅದನ್ನು ನಿರಾಕರಿಸಿತು. ಜನರ ಅಂಜಿಕೆ ಅವಿವೇಕವೇನಲ್ಲ. ಹರಳು, ಜೇಡಿ, ಬಂಡೆ ಮೂರನ್ನೂ ಎದುರಿಗಿಟ್ಟು ಲೆಕ್ಕ ಒಪ್ಪಿಸುವ ಹೊಣೆ ವಿಜ್ಞಾನಿಗಳದು.