ಯಂತ್ರದ ನಾಡಿ: ಆವೃತ್ತಿಯ ಪಾಠಕ್ಕೊಂದು ಉದಾಹರಣೆ

ಎಂಟನೇ ತರಗತಿಗೆ ಶಬ್ದದ ಪಾಠ ಮಾಡುವಾಗ ಪಾರ ಮತ್ತು ಆವೃತ್ತಿಯ ವ್ಯತ್ಯಾಸವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ; ಅದರ ಉಪಯೋಗ ತಿಳಿಯುವುದಿಲ್ಲ. ಅದಕ್ಕಾಗಿ ನಾನು ಯಂತ್ರಗಳಿಗೆ ಅಳವಡಿಸುವ ಕಂಪನ ಸಂವೇದಕದ ಉದಾಹರಣೆ ಕೊಡುತ್ತೇನೆ.

ನಿಮಿಷಕ್ಕೆ 1500 ಸುತ್ತು ತಿರುಗುವ ಮೋಟಾರನ್ನು ತೆಗೆದುಕೊಳ್ಳೋಣ. 60ರಿಂದ ಭಾಗಿಸಿದರೆ ಸೆಕೆಂಡಿಗೆ 25 ಸುತ್ತು, ಅಂದರೆ 25 ಹರ್ಟ್ಜ್. ತಿರುಗುವ ಭಾಗದ ತೂಕ ಒಂದು ಬದಿಗೆ ಹೆಚ್ಚಾದರೆ 25 ಹರ್ಟ್ಜ್‌ನ ಕಂಪನ ಏರುತ್ತದೆ. ಮೋಟಾರು ಮತ್ತು ಪಂಪಿನ ದಂಡಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಅದರ ಎರಡರಷ್ಟು, ಅಂದರೆ 50 ಹರ್ಟ್ಜ್‌ನಲ್ಲೂ ಏರಿಕೆ ಕಾಣುತ್ತದೆ. ಬೇರಿಂಗ್ ಸವೆಯತೊಡಗಿದರೆ ಇನ್ನೂ ಹೆಚ್ಚಿನ ಆವೃತ್ತಿಗಳು ಹುಟ್ಟುತ್ತವೆ.

ಇವೆಲ್ಲ ಬೆರೆತಾಗ ನಮ್ಮ ಕಿವಿಗೆ ಕೇಳುವುದು ಒಂದೇ ಗದ್ದಲ. ಡಿಜಿಟಲ್ ಸಂವೇದಕವು ಕಂಪನವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಸಂಖ್ಯೆಗಳಾಗಿ ಕೊಡುತ್ತದೆ. ಗಣಕ ಅವನ್ನು ಆವೃತ್ತಿವಾರು ಬೇರ್ಪಡಿಸುತ್ತದೆ. ದೋಷ ಎಷ್ಟು ತೀವ್ರ ಎಂಬುದನ್ನು ಪಾರ ಹೇಳಿದರೆ, ದೋಷ ಯಾವುದು ಎಂಬ ಸುಳಿವನ್ನು ಆವೃತ್ತಿ ಕೊಡುತ್ತದೆ. ಹೀಗೆ ಮುಂಚೆಯೇ ತಿಳಿದರೆ ಬೇರಿಂಗ್ ಒಂದನ್ನು ಬದಲಿಸಿದರೆ ಸಾಕು, ಮೋಟಾರು ಉಳಿಯುತ್ತದೆ. ಪಕ್ಕದಲ್ಲಿ ನಿಂತು ದುಡಿಯುವವರಿಗೂ ಅಪಾಯ ತಪ್ಪುತ್ತದೆ.

ಮೌಲ್ಯಮಾಪನಕ್ಕೆ ಈ ಪ್ರಶ್ನೆ ಕೇಳಬಹುದು: ನಿಮಿಷಕ್ಕೆ 3000 ಸುತ್ತಿನ ಪಂಪಿನಲ್ಲಿ 50 ಹರ್ಟ್ಜ್‌ನ ಕಂಪನ ಏರಿದರೆ ಮೊದಲು ಯಾವ ದೋಷವನ್ನು ಶಂಕಿಸಬೇಕು? "ತೂಕದ ಅಸಮತೋಲನ" ಎಂದು ಕಾರಣಸಹಿತ ಹೇಳುವ ಮಗುವಿಗೆ ಆವೃತ್ತಿ ಅರ್ಥವಾಗಿದೆ.