ನಿಮಗಿದು ಗೊತ್ತೆ? ಒಂದು ನಿಮಿಷದ ಓಟ, ಅಡಿ ಲೆಕ್ಕದ ಗೆಲುವು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಖಾಲಿ ಗಾಡಾ ಓಟದಲ್ಲಿ ಜೋಡೆತ್ತುಗಳು ಒಂದು ನಿಮಿಷದಲ್ಲಿ ಎಷ್ಟು ದೂರ ಬಂಡಿ ಎಳೆದವು ಎಂಬುದೇ ಮುಖ್ಯ, ಅಳತೆ ಅಡಿಗಳಲ್ಲಿ. ದೀಪಾವಳಿ ಹೊತ್ತಿನ ಹೋರಿ ಹಬ್ಬದಲ್ಲಂತೂ ಗಡಿಯಾರದ ಮಾತೇ ಇಲ್ಲ. ಕಿಕ್ಕಿರಿದ ಜನರ ನಡುವೆ ನುಗ್ಗಿ, ಕೊರಳ ಕೊಬ್ಬರಿ ಹಾರ ಹರಿಯಗೊಡದೆ ಪಾರಾದ ಹೋರಿಯೇ ಗೆದ್ದಂತೆ. ಅಂಥ ಹೋರಿಯ ಹೆಸರು ಊರೂರ ಬಾಯಲ್ಲಿ ಉಳಿಯುತ್ತದೆ. ಅದೂ ದಾಖಲೆಯೇ.

ಅಧಿಕೃತ ದಾಖಲೆಯ ಕಟ್ಟಳೆ ಬೇರೆ. ನೆಲದ ಮೇಲೆ ಓಡುವ ವಾಹನದ ವಿಶ್ವದಾಖಲೆಗೆ ಒಂದೇ ದಾರಿಯಲ್ಲಿ ಹೋಗಿ, ಒಂದು ತಾಸಿನೊಳಗೆ ತಿರುಗಿ ಓಡಬೇಕು. ಎರಡರ ಸರಾಸರಿಯೇ ಲೆಕ್ಕಕ್ಕೆ. ಗಾಳಿ, ಇಳಿಜಾರಿನ ಲಾಭ ಅಲ್ಲಿಗೆ ವಜಾ. 1997ರ ಅಕ್ಟೋಬರ್ 15ರಂದು ಅಮೆರಿಕದ ನೆವಾಡಾದಲ್ಲಿ ಚಾಲಕ ಆ್ಯಂಡಿ ಗ್ರೀನ್ ಹೀಗೆ ಗಂಟೆಗೆ 1,227.98 ಕಿ.ಮೀ. ಮುಟ್ಟಿದರು.

ಇಂಥ ಕಟ್ಟಳೆಯ ಆಚೆಗೂ ವೇಗವಿದೆ. 2020ರ ಐಕಳ ಕಂಬಳದಲ್ಲಿ ಕೋಣಗಳ ಜೊತೆ ಶ್ರೀನಿವಾಸ ಗೌಡ 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ನೂರು ಮೀಟರಿಗೆ ಇಳಿಸಿದರೆ 9.56 ಸೆಕೆಂಡು, ಉಸೇನ್ ಬೋಲ್ಟ್ ದಾಖಲೆ 9.58. ಕಂಬಳದಲ್ಲಿ ಕೋಣಗಳ ಸೆಳೆತವಿದೆ, ಅಥ್ಲೆಟಿಕ್ಸ್ ನಿಯಮಗಳಿಲ್ಲ. ಹಾಗಾಗಿ ಅದು ಅನಧಿಕೃತ. ಆದರೆ ಬೋಲ್ಟ್ ಓಡಿದ್ದು ಒಣ ಟ್ರ್ಯಾಕಿನಲ್ಲಿ, ಗೌಡರು ಓಡಿದ್ದು ನೀರು ನಿಂತ ಕೆಸರಿನಲ್ಲಿ, ಬರಿಗಾಲಿನಲ್ಲಿ.