ಕಾಲೇಜು ಶುಲ್ಕ, ಅಮೆರಿಕದ ತೆರಿಗೆ: ಯಾರ ಲೆಕ್ಕಕ್ಕೆ ಎಷ್ಟು?

ಅಮೆರಿಕದಲ್ಲಿ ಜನವರಿ ಮುಗಿಯುವಷ್ಟರಲ್ಲಿ ಕಾಲೇಜುಗಳಿಂದ ವಿದ್ಯಾರ್ಥಿಗಳಿಗೆ 1098-ಟಿ ಎಂಬ ನಮೂನೆ ಬರುತ್ತದೆ. ಅದರ ಮೊದಲ ಚೌಕದಲ್ಲಿ ಆ ಕ್ಯಾಲೆಂಡರ್ ವರ್ಷ ಕಾಲೇಜಿಗೆ ಸಂದಾಯವಾದ ಬೋಧನಾ ಶುಲ್ಕ, ಐದನೆಯದರಲ್ಲಿ ಸಿಕ್ಕ ವಿದ್ಯಾರ್ಥಿವೇತನ ಮತ್ತು ಅನುದಾನ. ಏಪ್ರಿಲ್ 15ರೊಳಗೆ ರಿಟರ್ನ್ ಸಲ್ಲಿಸುವಾಗ ಈ ಹಾಳೆಯನ್ನು ಸರಿಯಾಗಿ ಓದಿಕೊಂಡ ಕುಟುಂಬಕ್ಕೆ ಒಬ್ಬ ವಿದ್ಯಾರ್ಥಿಯ ಲೆಕ್ಕದಲ್ಲಿ 2,500 ಡಾಲರ್‌ವರೆಗೆ ಉಳಿಯಬಹುದು. ಹಕ್ಕಿದ್ದೂ ಇದನ್ನು ಕೇಳದೆ ಬಿಡುವವರಿದ್ದಾರೆ, ಹಕ್ಕಿಲ್ಲದೆ ಪಡೆದು ಆಮೇಲೆ ಬಡ್ಡಿ ಸಮೇತ ಹಿಂದಿರುಗಿಸುವವರೂ ಇದ್ದಾರೆ. ಇಬ್ಬರೂ ಎಡವುವುದು ಒಂದೇ ಜಾಗದಲ್ಲಿ. ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕುವ ಮೊದಲು ಅದು ಯಾರಿಗೆ ಸಲ್ಲುತ್ತದೆ ಎಂದು ನೋಡಿಕೊಳ್ಳುವುದಿಲ್ಲ.

ಇದನ್ನು ಟ್ಯಾಕ್ಸ್ ಕ್ರೆಡಿಟ್ ಎನ್ನುತ್ತಾರೆ. ನಮ್ಮಲ್ಲಿ 80ಸಿ ಎಂದು ಎಲ್ಲರೂ ಬಲ್ಲ ವಿನಾಯಿತಿಯಲ್ಲಿ ಮಕ್ಕಳ ಶುಲ್ಕ ತೋರಿಸಿದರೆ ತೆರಿಗೆ ಬೀಳುವ ಆದಾಯ ತಗ್ಗುತ್ತದೆ. ಕ್ರೆಡಿಟ್ ಹಾಗಲ್ಲ, ಕಟ್ಟಬೇಕಾದ ತೆರಿಗೆಯಿಂದಲೇ ನೇರವಾಗಿ ಕಳೆಯುತ್ತದೆ, ನಮ್ಮ 87ಎ ರಿಬೇಟ್ ಇದ್ದಂತೆ. ಬಿಲ್ ಕ್ಲಿಂಟನ್ ಅಧ್ಯಕ್ಷರಾಗಿದ್ದಾಗ 1997ರ ಕಾಯ್ದೆಯಿಂದ ಇಂಥ ಎರಡು ಕ್ರೆಡಿಟ್‌ಗಳು ಬಂದವು. ಅದರಲ್ಲಿ ಒಂದು, 2009ರಲ್ಲಿ ಹಿಗ್ಗಿ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಆಯಿತು, 2015ರಲ್ಲಿ ಕಾಯಂ ಆಯಿತು. ಇನ್ನೊಂದು ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್.

ಮೊದಲನೆಯದರ ಲೆಕ್ಕ ಸರಳ. ಅರ್ಹ ಖರ್ಚಿನಲ್ಲಿ ಮೊದಲ 2,000 ಡಾಲರ್‌ಗೆ ಪೂರ್ತಿ, ಮುಂದಿನ 2,000ಕ್ಕೆ ಕಾಲು ಭಾಗ. ಪದವಿಗೆ ಓದುತ್ತಿದ್ದು, ವರ್ಷದ ಒಂದು ಅವಧಿಯಲ್ಲಾದರೂ ಕನಿಷ್ಠ ಅರ್ಧದಷ್ಟು ಕೋರ್ಸ್‌ಗಳನ್ನು ತೆಗೆದುಕೊಂಡಿರಬೇಕು. ಕಾಲೇಜಿನ ಮೊದಲ ನಾಲ್ಕು ವರ್ಷಗಳಿಗೆ ಮಾತ್ರ ಇದು ಸಿಗುತ್ತದೆ. ಒಂಟಿ ತೆರಿಗೆದಾರರ ಆದಾಯ 80,000 ಡಾಲರ್ ದಾಟಿದ ಮೇಲೆ ಕರಗತೊಡಗಿ 90,000ಕ್ಕೆ ಇಲ್ಲವಾಗುತ್ತದೆ. ದಂಪತಿ ಒಟ್ಟಿಗೆ ಸಲ್ಲಿಸಿದರೆ ಈ ಗೆರೆಗಳು 1,60,000 ಮತ್ತು 1,80,000. ಇದರ ದೊಡ್ಡ ಗುಣ ಬೇರೆಯೇ ಇದೆ: ತೆರಿಗೆ ಸೊನ್ನೆಯಾಗಿದ್ದರೂ ಶೇ 40ರಷ್ಟು, ಅಂದರೆ 1,000 ಡಾಲರ್‌ವರೆಗೆ, ಕೈಗೆ ಬರುತ್ತದೆ. ಲೈಫ್‌ಟೈಮ್ ಕ್ರೆಡಿಟ್‌ನಲ್ಲಿ ಈ ಸೌಲಭ್ಯವಿಲ್ಲ. 10,000 ಡಾಲರ್‌ವರೆಗಿನ ಖರ್ಚಿಗೆ ಶೇ 20, ಒಂದು ರಿಟರ್ನ್‌ಗೆ ಹೆಚ್ಚೆಂದರೆ 2,000. ಆದರೆ ವರ್ಷಗಳ ಮಿತಿ ಇಲ್ಲ, ಕೆಲಸದ ಕೌಶಲಕ್ಕಾಗಿ ಒಂದೇ ಒಂದು ಕೋರ್ಸ್ ಮಾಡಿದವರಿಗೂ ಸಲ್ಲುತ್ತದೆ. ಒಬ್ಬ ವಿದ್ಯಾರ್ಥಿಗೆ ಒಂದೇ ವರ್ಷ ಎರಡನ್ನೂ ಪಡೆಯುವಂತಿಲ್ಲ.

ಹಾಸ್ಟೆಲ್, ಊಟ, ವಿಮೆ, ಪ್ರಯಾಣ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಪಠ್ಯಕ್ಕೆ ಬೇಕಾದ ಪುಸ್ತಕವನ್ನು ಹೊರಗಿನ ಅಂಗಡಿಯಲ್ಲಿ ಕೊಂಡಿದ್ದರೂ ಮೊದಲ ಕ್ರೆಡಿಟ್‌ಗೆ ನಡೆಯುತ್ತದೆ. ಅದು 1098-ಟಿಯಲ್ಲಿ ಕಾಣುವುದಿಲ್ಲ, ಹಾಗಾಗಿ ರಸೀದಿ ಇಟ್ಟುಕೊಳ್ಳಬೇಕು. ಸಾಲ ಮಾಡಿ ಕಟ್ಟಿದ ಶುಲ್ಕವೂ ಸ್ವಂತ ಖರ್ಚೇ, ಕಟ್ಟಿದ ವರ್ಷದ ಲೆಕ್ಕಕ್ಕೇ ಸೇರುತ್ತದೆ.

ಇನ್ನು ಯಾರಿಗೆ ಎಂಬ ಮಾತು. ಅಪ್ಪ ಅಮ್ಮ ತಮ್ಮ ರಿಟರ್ನ್‌ನಲ್ಲಿ ಮಗಳನ್ನು ಅವಲಂಬಿತಳೆಂದು ತೋರಿಸಿದ್ದರೆ ಕ್ರೆಡಿಟ್ ಅವರದು, ಶುಲ್ಕವನ್ನು ಮಗಳೇ ತನ್ನ ದುಡಿಮೆಯಿಂದ ಕಟ್ಟಿದ್ದರೂ. ಅರೆಕಾಲಿಕ ಕೆಲಸದ ಸಂಬಳಕ್ಕೆ ಅವಸರದಲ್ಲಿ ರಿಟರ್ನ್ ಸಲ್ಲಿಸುವ ಮಗಳು ನಾನು ಯಾರ ಅವಲಂಬಿತಳೂ ಅಲ್ಲ ಎಂದು ಗುರುತು ಹಾಕಿ ಕ್ರೆಡಿಟ್ ಕೇಳಿಬಿಟ್ಟರೆ, ಆಮೇಲೆ ಕಳಿಸುವ ಪೋಷಕರ ರಿಟರ್ನ್ ತೊಡಕಿಗೆ ಸಿಕ್ಕುತ್ತದೆ. ಮನೆಯವರು ಕೂತು ಮಾತಾಡಿಕೊಂಡೇ ರಿಟರ್ನ್ ತುಂಬಬೇಕು.

ಬಡ ಕುಟುಂಬಗಳ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಪೆಲ್ ಅನುದಾನದ ಸಂಗತಿ. ಒಬ್ಬ ಹುಡುಗನ ಶುಲ್ಕ 4,000 ಡಾಲರ್, ಸರ್ಕಾರದ ಪೆಲ್ ಅನುದಾನವೂ 4,000 ಎಂದುಕೊಳ್ಳಿ. ಅನುದಾನವನ್ನೆಲ್ಲ ಶುಲ್ಕಕ್ಕೆ ಸೇರಿಸಿದರೆ ಅರ್ಹ ಖರ್ಚು ಸೊನ್ನೆ, ಕ್ರೆಡಿಟ್ಟೂ ಸೊನ್ನೆ. ಆದರೆ ಅನುದಾನವನ್ನು ವಾಸ, ಊಟದ ಖರ್ಚಿಗೆ ಬಳಸಿದ್ದಾಗಿ ತೋರಿಸಲು ಕಾನೂನು ಅವಕಾಶ ಕೊಡುತ್ತದೆ. ಆಗ ಆ 4,000 ಅವನ ಆದಾಯಕ್ಕೆ ಸೇರುತ್ತದೆ; ಬೇರೆ ಗಳಿಕೆ ಅಷ್ಟಾಗಿ ಇಲ್ಲದಿದ್ದರೆ ಅದರ ಮೇಲೆ ತೆರಿಗೆ ಬೀಳುವುದಿಲ್ಲ. ಇತ್ತ ಶುಲ್ಕದ 4,000 ಅರ್ಹವಾಗುತ್ತದೆ, ತೆರಿಗೆ ಕಟ್ಟುವಷ್ಟು ಆದಾಯವಿಲ್ಲದ ಪೋಷಕರಿಗೂ 1,000 ಡಾಲರ್ ಬರುತ್ತದೆ. ಈ ಆಯ್ಕೆ ಹೆಚ್ಚು ಬೇಕಾದ ಮನೆಗಳಿಗೆ ಇದನ್ನು ಬಿಡಿಸಿ ಹೇಳುವವರು ಇಲ್ಲದಿರುವುದು ಅನ್ಯಾಯ. ಪ್ರತಿ ಕಾಲೇಜಿನ ನೆರವು ಕಚೇರಿಯೂ ಅನುದಾನದ ಪತ್ರದ ಜೊತೆಗೇ ಇದನ್ನು ತಿಳಿಸಬೇಕು.

ಕರ್ನಾಟಕದಿಂದ ಎಫ್-1 ವೀಸಾದಲ್ಲಿ ಹೋದವರ ಕಥೆ ಬೇರೆ. ಮೊದಲ ಐದು ಕ್ಯಾಲೆಂಡರ್ ವರ್ಷ ಅವರು ತೆರಿಗೆಯ ದೃಷ್ಟಿಯಲ್ಲಿ ಸಾಮಾನ್ಯವಾಗಿ ನಾನ್-ರೆಸಿಡೆಂಟ್. ಆಗಸ್ಟ್‌ನಲ್ಲಿ ಇಳಿದವರಿಗೆ ಆ ಉಳಿದ ತಿಂಗಳುಗಳೇ ಒಂದು ಇಡೀ ವರ್ಷವಾಗಿ ಎಣಿಕೆಯಾಗುತ್ತವೆ. ಅಲ್ಲಿಯವರೆಗೆ ಅವರ ನಮೂನೆ 1040-ಎನ್‌ಆರ್. ಅಮೆರಿಕದ ಪ್ರಜೆಯನ್ನೋ ರೆಸಿಡೆಂಟನ್ನೋ ಮದುವೆಯಾಗಿ ಒಟ್ಟಿಗೆ ಸಲ್ಲಿಸಲು ಆಯ್ದುಕೊಂಡವರನ್ನು ಬಿಟ್ಟರೆ ಈ ಎರಡೂ ಕ್ರೆಡಿಟ್ ಅವರಿಗಿಲ್ಲ. ಆದರೂ ಕಾಲೇಜು 1098-ಟಿ ಕಳಿಸಿರುತ್ತದೆ, ಸ್ಥಳೀಯರಿಗೆಂದು ಮಾಡಿದ ಸಾಫ್ಟ್‌ವೇರ್ ಅದನ್ನು ನೋಡಿ ರೀಫಂಡ್ ತೋರಿಸುತ್ತದೆ, ರೂಮ್‌ಮೇಟ್‌ಗೂ ಬಂದಿದೆ ಎಂಬ ಮಾತು ಧೈರ್ಯ ಕೊಡುತ್ತದೆ. ಹಾಗೆ ಪಡೆದವರು 1040-ಎಕ್ಸ್ ಸಲ್ಲಿಸಿ ತಾವಾಗಿಯೇ ತಿದ್ದಿಕೊಳ್ಳುವುದು ಒಳ್ಳೆಯದು. ನಿಯಮವನ್ನು ಲೆಕ್ಕಿಸದೆ ಕೇಳಿದ್ದೆಂದು ಸಾಬೀತಾದರೆ ಎರಡು ವರ್ಷ, ವಂಚನೆಯಾದರೆ ಹತ್ತು ವರ್ಷ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಕೇಳುವಂತಿಲ್ಲ.

ನಮ್ಮ ಹುಡುಗರಿಗೆ ನ್ಯಾಯವಾಗಿ ದಕ್ಕುವುದು ಬೇರೆಡೆ ಇದೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ಭಾರತೀಯ ವಿದ್ಯಾರ್ಥಿಗಳು ನಾನ್-ರೆಸಿಡೆಂಟ್ ಆಗಿದ್ದೂ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಬೇರೆ ಬಹುತೇಕ ದೇಶಗಳ ವಿದ್ಯಾರ್ಥಿಗಳಿಗೆ ಇದಿಲ್ಲ. 2024ರ ಆದಾಯಕ್ಕೆ ಅದು 14,600 ಡಾಲರ್. ಕ್ಯಾಂಪಸ್ ಕೆಲಸದ ಸಂಬಳದ ಮೇಲಿನ ಫೆಡರಲ್ ತೆರಿಗೆ ಎಷ್ಟೋ ಸಲ ಇಷ್ಟರಲ್ಲೇ ಅಳಿಸಿಹೋಗುತ್ತದೆ. ಊರಿನಲ್ಲಿ ತಂದೆ ತಮ್ಮ ಹೆಸರಿನಲ್ಲಿ ಬ್ಯಾಂಕಿನಿಂದ ಶಿಕ್ಷಣ ಸಾಲ ಎತ್ತಿದ್ದರೆ, 80ಇ ಎಂದು ಬಳಕೆಯಲ್ಲಿರುವ ವಿನಾಯಿತಿಯಂತೆ, ಕಟ್ಟಿದ ಬಡ್ಡಿಯನ್ನು ಮೊತ್ತದ ಮಿತಿಯಿಲ್ಲದೆ ಎಂಟು ವರ್ಷದವರೆಗೆ ಆದಾಯದಿಂದ ಕಳೆಯಬಹುದು. ವಿದೇಶದ ಓದಿಗೂ ಅದು ಸಲ್ಲುತ್ತದೆ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ.